ನೀರಿನ ಊರು

"ಊರು?" ಗುಮಾಸ್ತ ತಲೆ ಎತ್ತದೆ ಕೇಳಿದ.

"ಕರಡಿಹಾಳ ರೀ. ಕೊಪ್ಪಳ ಜಿಲ್ಲಾ," ಎಂದಳು ರುಕ್ಮವ್ವ, ಮೈಕನ್ನು ಬಾಯಿಗೆ ತೀರಾ ಹತ್ತಿರ ಹಿಡಿದು.

ಶಾಮಿಯಾನದ ತುಂಬ ನಗೆ ಎದ್ದಿತು. ಬೊಮ್ಮಸಂದ್ರದ ಬಣ್ಣದ ಕಾರ್ಖಾನೆಯೊಂದು ಕೆರೆಯ ಮಗ್ಗುಲಲ್ಲೇ ಇನ್ನೊಂದು ಘಟಕ ಕಟ್ಟಲು ಹೊರಟಿತ್ತು. ಅದಕ್ಕೆ ಜನ ಏನನ್ನುತ್ತಾರೆಂದು ಕೇಳುವ ಅಹವಾಲು ಸಭೆ ಇದು. ಗುಮಾಸ್ತ ಪೆನ್ನು ಕೆಳಗಿಟ್ಟ.

"ಸ್ಥಳೀಯರದ್ದು ಮಾತ್ರ ಬರ್ಕೊಳೋದು ಅಕ್ಕಾ."

ರುಕ್ಮವ್ವನಿಗೆ ತಲೆಬುಡ ತಿಳಿಯಲಿಲ್ಲ. ಊರು ಯಾವುದೆಂದು ಕೇಳಿದರೆ ಹುಟ್ಟಿದ ಊರನ್ನಲ್ಲದೆ ಇನ್ನೇನು ಹೇಳಬೇಕು? ಆಂಜಿನಪ್ಪನ ವಠಾರದ ಕೋಣೆಯಲ್ಲಿ ಒಂಬತ್ತು ವರ್ಷ ಕಳೆದಿದ್ದಾಳೆ, ನಿಜ. ಆದರೆ ವಠಾರದವರೂ ಅವಳನ್ನು ಕರೆಯುವುದು 'ಕೊಪ್ಪಳದೋಳು' ಎಂದೇ. ಅರ್ಧ ಗಂಟೆಯ ಹಿಂದೆ ಇದೇ ವೇದಿಕೆಯಿಂದ ಸಭೆ ನಡೆಸುವ ಅಧಿಕಾರಿ 'ಕೆರೆ, ನೀರು, ಗಾಳಿ ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರದ್ದೂ' ಎಂದು ಗಂಟಲು ಹರಿಯುವಂತೆ ಹೇಳಿದ್ದರು. ಆ ಎಲ್ಲರೊಳಗೆ ತಾನೂ ಒಬ್ಬಳೆಂದುಕೊಂಡು ಎದ್ದದ್ದೇ ತಪ್ಪಾಯಿತೇ?

ಅವಳು ಬಂದದ್ದು ಮಗಳಿಗಾಗಿ. ಶಿವಗಂಗಾಳ ಎರಡೂ ಕಾಲಿನ ತುಂಬ ಕಜ್ಜಿ. ತುರಿಸಿ ತುರಿಸಿ ರಕ್ತ ಬರಿಸಿಕೊಳ್ಳುತ್ತದೆ ಕೂಸು. ನೀರು ಬದಲಾಯಿಸಿ ಎಂದು ಡಾಕ್ಟರು ಸಲೀಸಾಗಿ ಹೇಳಿಬಿಟ್ಟರು. ವಠಾರಕ್ಕೆಲ್ಲ ಇರುವುದು, ಕಾರ್ಖಾನೆಯ ಕೊಳೆನೀರು ಸೇರುವ ಆ ಕೆರೆಯ ಬದಿಯ ಒಂದೇ ಬೋರ್‌ವೆಲ್. ಬೆಳಿಗ್ಗೆ ಆಂಜಿನಪ್ಪನ ಹತ್ತಿರ ಗೋಳು ಹೇಳಿಕೊಂಡರೆ ಅವನೂ ನಿಟ್ಟುಸಿರು ಬಿಟ್ಟಿದ್ದ.

"ನಾನು ಬಾಯಿ ಬಿಡಂಗಿಲ್ಲ ಕಣವ್ವ, ಆ ಫ್ಯಾಕ್ಟ್ರಿಯೋರ್ಗೆ ನಮ್ ಜಮೀನು ಲೀಸ್‌ಗೆ ಕೊಟ್ಟಿವ್ನಿ. ನೀನಾದ್ರೆ ಯಾರ ಅಂಗೂ ಇಲ್ದೋಳು. ಓಗಿ ಸಭೇಲಿ ಎಲ್ಲಾ ಏಳ್ಬುಡು." ಹಾಗೆಂದು ತಾನೇ ನಲ್ಲಿ ತಿರುಗಿಸಿ, ಈಗ ಅವಳ ಕೈಯಲ್ಲಿರುವ ಬಾಟಲಿಯನ್ನು ತುಂಬಿಸಿ, ಮುಚ್ಚಳ ಬಿಗಿಮಾಡಿ ಕೊಟ್ಟಿದ್ದ.

"ನಾವು ಇರೋದು ಇಲ್ಲೇ ರೀ, ಸಾಹೇಬ್ರ." ಬಾಟಲಿ ಎತ್ತಿ ತೋರಿಸಿದಳು. "ಈ ನೀರಿಂದನ ನನ್ನ ಕೂಸಿಗೆ ಕಜ್ಜಿ ಆಗೇತ್ರಿ. ಬೇಕಾದ್ರ ನಮ್ಮ ಓನರ್ ಆಂಜಿನಪ್ಪಾರನ್ನ ಕೇಳ್ರಿ," ಎಂದಳು.

ಮುಂದಿನ ಸಾಲಿನಲ್ಲಿ ಕಾರ್ಖಾನೆಯ ಮ್ಯಾನೇಜರನ ಪಕ್ಕ ಕೂತಿದ್ದ ಆಂಜಿನಪ್ಪ ನಿಧಾನವಾಗಿ ಎದ್ದ.

"ಊ ಸಾ. ನಮ್ಮನೇಲೇ ಬಾಡ್ಗೆಗವ್ಳೆ."

ರುಕ್ಮವ್ವನಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಆ ನೀರು ಎಲ್ಲಿಂದ ತಂದ್ಳೋ, ಅದು ನಂಗೊತ್ತಿಲ್ಲ," ಎಂದು ಅವನು ಕೂತುಬಿಟ್ಟ.

ಅವಳು ಅವನ ಮುಖವನ್ನೇ ನೋಡಿದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬೆಳಗಿನ ಆಂಜಿನಪ್ಪ ನಿಜವೋ ಈ ಆಂಜಿನಪ್ಪ ನಿಜವೋ ಎಂಬ ಗೊಂದಲದಲ್ಲಿ ಸಿಟ್ಟಿಗೆ ಜಾಗವೇ ಇರಲಿಲ್ಲ. ಅವನು ಮಾತ್ರ ಬಗ್ಗಿ ತನ್ನ ಚಪ್ಪಲಿಯ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತಿದ್ದ, ಅದು ಸರಿಯಾಗಿಯೇ ಇದ್ದರೂ.

ಅಧಿಕಾರಿ ಕೆಟ್ಟವರೇನಲ್ಲ. ಮುಂದಕ್ಕೆ ಬಾಗಿ ಸಮಾಧಾನದಿಂದಲೇ ಕೇಳಿದರು: "ಇರ್ಲಿ ಬಿಡಮ್ಮ, ನಿಮ್ಮ ಹೆಸರು ಬರ್ಕೋತೀವಿ. ಆದ್ರೆ ಈ ನೀರು ಇಲ್ಲೀದೇ ಅಂತ ಹೆಂಗೆ ನಂಬೋದು? ಇದು ಯಾವೂರ ನೀರು ಹೇಳಿ."

ತನ್ನ ಊರನ್ನೇ ಸರಿಯಾಗಿ ಹೇಳಲು ಬಾರದವಳು ನೀರಿನ ಊರನ್ನು ಏನೆಂದು ಹೇಳುವುದು? ನೀರಿಗೂ ಊರು ಇರುತ್ತದೆಯೇ? ಇದ್ದರೆ ಅದಕ್ಕೆ ಸಾಕ್ಷಿ ಹೇಳುವವರು ಯಾರು? ಶಾಮಿಯಾನದ ಅಷ್ಟೂ ಮುಖಗಳು ಅವಳ ಕಡೆಗೇ ತಿರುಗಿದ್ದವು. ಏನಾದರೊಂದು ಮಾಡಬೇಕಲ್ಲ ಎಂದು ಮೈಕನ್ನು ಮೇಜಿನ ಮೇಲಿಟ್ಟು ಬಾಟಲಿಯ ಮುಚ್ಚಳಕ್ಕೆ ಕೈ ಹಾಕಿದಳು. ಅದು ಬಿಗಿಯಾಗಿತ್ತು, ಸೆರಗು ಸುತ್ತಿ ತಿರುಗಿಸತೊಡಗಿದಳು. ಮ್ಯಾನೇಜರ್ ಕೈಗಡಿಯಾರ ನೋಡಿಕೊಂಡ.

ಮುಚ್ಚಳ ಇನ್ನೂ ಬಿಚ್ಚಿರಲಿಲ್ಲ. ಮುಂದಿನ ಸಾಲಿನಲ್ಲಿ ಆಂಜಿನಪ್ಪ ಆಗಲೇ ಹೆಗಲ ಮೇಲಿನ ಟವೆಲನ್ನು ಮೂಗಿಗೆ ಒತ್ತಿ ಹಿಡಿದಿದ್ದ.