ಹೆಸ್ಟರ್ ಬರೆದ ಹೂವು

ಚಿತ್ರಾ ಹಳೆಯ ಪಂಚೆಯ ತುಂಡಿನಿಂದ ಗಡಿಯಾರದ ಗಾಜು ಒರೆಸಿದಳು. ಕೆಳಗಿನ ಮರದ ಬಾಗಿಲು ತೆಗೆದು, ಆಡುತ್ತಿದ್ದ ಲೋಲಕವನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಿದಳು. ಪರದೇಶದ ಪ್ಲೇನೋ ಊರಿನ ಆ ಮನೆಯಲ್ಲಿ ಸದ್ದೇ ಇಲ್ಲವಾಯಿತು.

ನವೆಂಬರಿನ ಭಾನುವಾರ. ಚಳಿಗಾಲಕ್ಕೆಂದು ಅಲ್ಲಿ ಎಲ್ಲರೂ ಸಮಯವನ್ನು ಒಂದು ಗಂಟೆ ಹಿಂದಕ್ಕಿಡುವ ದಿನ. ಫೋನುಗಳು ತಾವೇ ಬದಲಾಗಿದ್ದವು. ಆಳೆತ್ತರದ ಈ ಇಂಗ್ಲಿಷ್ ಗಡಿಯಾರದ ಮುಳ್ಳನ್ನು ಮಾತ್ರ ಹಿಂದಕ್ಕೆ ತಿರುಗಿಸುವಂತಿಲ್ಲ. ತಿರುಗಿಸಿದರೆ ಗಂಟೆ ಬಾರಿಸುವ ಯಂತ್ರ ಕೆಡುತ್ತದೆ. ಒಂದು ಗಂಟೆ ನಿಲ್ಲಿಸಿಟ್ಟು ಮತ್ತೆ ನಡೆಸಬೇಕು. ಗಂಡ ಸುಧೀಂದ್ರ ಇದನ್ನು ಅವಳಿಗೆ ಕೆನ್ನೆಗೆ ಬಾರಿಸಿಯೇ ಕಲಿಸಿದ್ದ.

ಆ ಗಡಿಯಾರ ಮಾಡಿದವನ ಕಥೆಯನ್ನು ಅವನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಇನ್ನೂರು ವರ್ಷದ ಹಿಂದಿನ ಜೋಸಯ ಪೆಂಬರ್ ಎಂಬ ಗಡಿಯಾರದವನು ಕೈ ಮಾಡುವುದಕ್ಕೆ ಹೆಸರಾದವನು. ಹೆಂಡತಿ ಏಟು ತಿಂದೇ ಸತ್ತಳು, ಗಂಡುಮಕ್ಕಳು ಹಡಗು ಹತ್ತಿ ಓಡಿದರು. ಉಳಿದ ಮಗಳು ಹೆಸ್ಟರ್ ಒಮ್ಮೆ ಮುಳ್ಳನ್ನು ಹಿಂದಕ್ಕೆ ತಿರುಗಿಸಿದಳು. ಅವಳ ಬಲಗೈಯನ್ನು ಗಡಿಯಾರದ ಬಾಗಿಲಿಗೆ ಸಿಕ್ಕಿಸಿ ಅಪ್ಪ ಒದ್ದು ಮುಚ್ಚಿದ. ಮುಳ್ಳುಗಳ ಹಿಂದಿನ ಫಲಕದ ಮೇಲಿರುವ ಹೂವುಗಳನ್ನು ಅವಳು ಆಮೇಲೆ ಎಡಗೈಯಲ್ಲಿ ಬರೆದದ್ದು.

"ನೋಡಿ, ಹೂವೆಲ್ಲ ಒಂದೇ ಕಡೆ ವಾಲಿವೆ," ಎಂದು ಸುಧೀಂದ್ರ ನಗುತ್ತಿದ್ದ. "ಆದ್ರೆ ಗಡಿಯಾರ ಇವತ್ತಿಗೂ ತಪ್ಪಿಲ್ಲ. ಏಟು ಬಿದ್ರೇನೇ ಮನೆ ನಡೆಯೋದು, ಅಲ್ವಾ ಅಂಕಲ್?"

ಅಂಕಲ್‌ಗಳೂ ನಗುತ್ತಿದ್ದರು. ಚಿತ್ರಾ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಈಗ ಬಟ್ಟೆಯನ್ನು ಡ್ರೈಯರ್‌ಗೆ ಹಾಕಿ ಬರುವಷ್ಟರಲ್ಲಿ ಅತ್ತೆ ಶಾರದಮ್ಮ ಗಡಿಯಾರದ ಮುಂದಿದ್ದರು. ಲೋಲಕ ಆಡುತ್ತಿತ್ತು. ಮೇಲಿನ ಗಾಜು ತೆರೆದಿತ್ತು.

"ನಿಂತ ಗಡಿಯಾರ ಮನೇಲಿ ಇರಬಾರದು ಕಣೇ, ಅಪಶಕುನ. ಈಗ ತಾನೇ ದೀಪ ಹಚ್ಚಿದೀನಿ. ಒಂದು ಸುತ್ತು ಹಿಂದಕ್ಕೆ ತಿರುಗಿಸಿದ್ರೆ ಆಯ್ತಲ್ಲ."

"ಬೇಡ ಅತ್ತೆ, ಮುಟ್ಟಬೇಡಿ."

ಅಷ್ಟರಲ್ಲಿ ಶಾರದಮ್ಮ ಮುಳ್ಳನ್ನು ಹಿಂದಕ್ಕೆ ತಿರುಗಿಸಿಯೇಬಿಟ್ಟರು. ಒಳಗೇನೋ ಲಟಕ್ಕೆಂದಿತು. ಗಡಿಯಾರ ಬಾರಿಸತೊಡಗಿತು, ಹನ್ನೆರಡು ಬಡಿತ ದಾಟಿದರೂ ನಿಲ್ಲಲಿಲ್ಲ.

ಹತ್ತಿರದ ಯೂಲೆಸ್ ಊರಿನ ಗೆಳೆಯನ ಮನೆಯಿಂದ ಆಗಷ್ಟೇ ಬಂದ ಸುಧೀಂದ್ರನಿಗೆ ಗ್ಯಾರೇಜಿನಲ್ಲೇ ಅದು ಕೇಳಿಸಿತು. ಶೂ ಬಿಚ್ಚದೆ ಒಳಗೆ ಬಂದ.

"ಯಾರು ತಿರುಗಿಸಿದ್ದು?"

ಶಾರದಮ್ಮ ಮಗನ ಮುಖ ನೋಡಿದರು. ಅವರ ಗಂಡನೂ ಹೀಗೇ ಬಾಗಿಲಲ್ಲಿ ನಿಂತು ಕೇಳುತ್ತಿದ್ದರಂತೆ. "ನಾನು ದೇವರ ಮುಂದಿದ್ದೆ ಕಣೋ," ಎಂದರು.

ಸುಧೀಂದ್ರ ಚಿತ್ರಾಳ ಜಡೆ ಹಿಡಿದು ತಲೆಯನ್ನು ಗಡಿಯಾರದ ತೆರೆದ ಗಾಜಿಗೆ ಅಪ್ಪಳಿಸಿದ. ಗಾಜು ಒಡೆದು ಹಣೆ ಸೀಳಿತು. ಬಿದ್ದವಳ ಪಕ್ಕೆಗೆ ಒದ್ದ. ಮತ್ತೆ ಒದ್ದ. ಆಮೇಲೆ ಅವಳ ಬಲಗೈಯನ್ನು ಎಳೆದು ಗಡಿಯಾರದ ಕೆಳಗಿನ ಬಾಗಿಲ ಸಂದಿಗೆ ಇಟ್ಟ.

"ಹೆಸ್ಟರ್ ಕಥೆ ನಿನಗೆ ಎಷ್ಟು ಸಲ ಹೇಳಿದೀನೇ?"

ಬಾಗಿಲನ್ನು ಶೂಗಾಲಿನಿಂದ ಒದ್ದು, ಹಾಗೇ ಒತ್ತಿ ಹಿಡಿದ. ಬೆರಳು ಮುರಿದ ಸದ್ದು ಮೂವರಿಗೂ ಕೇಳಿತು.

"ನಾನೇ ತಿರುಗಿಸಿದ್ದು ಅನ್ನು. ಬಿಡ್ತೀನಿ."

ಅವನು ಹೇಳಿಸಿದ್ದನ್ನೆಲ್ಲ ಅವಳು ಇದುವರೆಗೆ ಹೇಳಿದ್ದಳು. ಉಪ್ಪು ಹೆಚ್ಚಾದದ್ದು ತನ್ನಿಂದ, ಕಾರು ತರಚಿದ್ದು ತನ್ನಿಂದ. ಇಂದು ಕಣ್ಣಿಗಿಳಿದ ರಕ್ತದ ನಡುವೆಯೇ ದೇವರ ಗೂಡಿನ ಕಡೆ ನೋಡಿದಳು. ಶಾರದಮ್ಮ ಬೆನ್ನು ಹಾಕಿ ಕೂತು, ನೆಟ್ಟಗೇ ಇದ್ದ ಬತ್ತಿಯನ್ನು ಸರಿಮಾಡುತ್ತಿದ್ದರು.

ಗಡಿಯಾರ ಬಾರಿಸಿ ಬಾರಿಸಿ ಸುಮ್ಮನಾಯಿತು.

"ಅತ್ತೆ," ಎಂದಳು ಚಿತ್ರಾ, "ತಿರುಗಿಸಿದ್ದು ನೀವು ಅಂತ ಹೇಳಿ."