ಎಣ್ಣೆ ಉಣ್ಣುವ ಹೆಪ್ಪು

೧
ಈ ಕಥೆಯನ್ನು ಭೂಮಿಯ ಅಡಿಯಿಂದ ಶುರು ಮಾಡಲೇ, ಕುಂತೂರಿನಿಂದಲೇ? ಅಡಿಯಿಂದಾದರೆ ಹೀಗೆ: 'ಹಳೆಯ ಬಾವಿಗಳ ಕಲ್ಲಿಗೆ ಅಂಟಿ ಉಳಿದ ಕಚ್ಚಾ ತೈಲವನ್ನು ಬ್ಯಾಕ್ಟೀರಿಯಾ ಬಿಟ್ಟು ಸಡಿಲಿಸಿ ಮೇಲೆತ್ತಬಹುದು.' ನೀವು ಆಗಲೇ ಆಕಳಿಸಿದಿರಿ. ಹೊಡೆದುಹಾಕಿದ್ದೇನೆ.

೨
ಕುಂತೂರೇ ಸರಿ. ಸಕ್ಕರೆ ಫ್ಯಾಕ್ಟರಿ ರಸ್ತೆ, ಮನೆಗೆ ಅಂಟಿಕೊಂಡಂತೆ ಸದಾಶಿವಪ್ಪನವರ ಟ್ರಾಕ್ಟರ್ ಗ್ಯಾರೇಜು. ಸದಾಶಿವಪ್ಪ ಈಗಿಲ್ಲ. ಅವರ ಮಗಳು ಮಾಲಿನಿ ಸಂಜೆಹೊತ್ತಲ್ಲಿ ಆ ಶೆಡ್ಡಿನ ಕರಿನೆಲದ ಮೇಲೆ ಕರಣೆ, ಡಬ್ಬಿ ಹಿಡಿದು ಕೂತಿದ್ದಾಳೆ. ಮೈಸೂರಿನ ಲ್ಯಾಬೊಂದರಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಹುಡುಕುವುದು ಅವಳ ಕೆಲಸ. ಅಪ್ಪ ಬದುಕಿಡೀ ಡೀಸೆಲ್ ಚೆಲ್ಲಿದ ಮಣ್ಣಿಗಿಂತ ಒಳ್ಳೆಯ ಜಾಗ ಇನ್ನೆಲ್ಲಿ? ಶೆಡ್ಡು ಬಾಡಿಗೆಗೆ ಹಿಡಿದಿರುವ ಮಾದಣ್ಣ ನಾಳೆ ಬೆಳಿಗ್ಗೆ ಕಾಂಕ್ರೀಟ್ ಹಾಕಿಸುತ್ತಾನೆ. ಏನಿದ್ದರೂ ಇವತ್ತೇ ಆಗಬೇಕು.

(ಮಾಲಿನಿ ನಡುವೆ ಬಾಯಿ ಹಾಕಿದಳು: "ಸಾರ್, ಕಬ್ಬಿನ ವಿಷ್ಯ ಬರೀರಿ." ಬರೆಯುತ್ತೇನೆ ತಾಯಿ.)

ಅಪ್ಪ ಸೀಮೆಎಣ್ಣೆಯಲ್ಲಿ ಕೈ ಉಜ್ಜಿ, ಮರದ ಹೊಟ್ಟಿನಲ್ಲಿ ಒರೆಸಿ, ರಿಪೇರಿಗೆ ನಿಂತ ಟ್ರಾಕ್ಟರಿನ ಲೋಡಿನಿಂದ ಕಬ್ಬೊಂದನ್ನು ಎಳೆದು ಮಂಡಿಗೆ ಕೊಟ್ಟು ಮುರಿದು ಮಗಳಿಗೆ ಕೊಡುತ್ತಿದ್ದರು. ಆದರೂ ಅದರಲ್ಲಿ ಗ್ರೀಸಿನ ವಾಸನೆ ಇದ್ದೇ ಇರುತ್ತಿತ್ತು. ಕಬ್ಬಿನ ರುಚಿಯೇ ಹಾಗೆ ಎಂದು ಅವಳು ತಿಳಿದಿದ್ದಳು. ಮೈಸೂರಿನಲ್ಲಿ ಮೊದಲ ಸಲ ಕುಡಿದ ಕಬ್ಬಿನ ಹಾಲು ಸಪ್ಪೆ ಎನಿಸಿತ್ತು. ಆ ದಿನಗಳು ಇನ್ನೊಮ್ಮೆ ಬರಬಾರದೇ ಎಂದು ಅವಳಿಗೆ ಆಸೆ. ನನಗೂ.

೪
(ಮೂರನೆಯದು ಪ್ರೇಮಪ್ರಸಂಗ. ಮಾಲಿನಿ ಒಪ್ಪಲಿಲ್ಲ, ತೆಗೆದೆ.)

ತಾಯಿ ಚಿಕ್ಕಬಸಮ್ಮ ಬಾಗಿಲಿಗೆ ಬಂದರು.

"ಏನವ್ವ ಕೆರೀತಾ ಇದ್ದೀಯ?"

"ಇದು ಹೆಪ್ಪು ಇದ್ದಂಗೆ ಕಣವ್ವ. ಈ ಮಣ್ಣಲ್ಲಿರೋ ಹುಳ ಬೆಳ್ಸಿ, ಸಕ್ರೆ ಫ್ಯಾಕ್ಟ್ರಿ ಕಾಕಂಬಿ ಉಣ್ಸಿ, ಎಣ್ಣೆ ಬಾವಿಗೆ ಬುಡದು. ಗಟ್ಟಿ ಎಣ್ಣೆ ನೀರಾಗಿ ಮ್ಯಾಕೆ ಬತ್ತದೆ."

ಚಿಕ್ಕಬಸಮ್ಮ ದೇವರ ದೀಪ ಉರಿಯುತ್ತಿದ್ದ ಒಳಮನೆಯತ್ತ ನೋಡಿದರು. "ದೀಪ ಹಚ್ಚುದ್ ಮ್ಯಾಲೆ ಯಾರಾದ್ರೂ ಹೆಪ್ಪು ಕೊಟ್ಟಾರಾ? ನಾಳೀಕ್ ತಕ."

"ನಾಳೆ ಕಾಂಕ್ರೀಟ್ ಬಿದ್ದಿರ್ತದೆ."

"ಬೀಳ್ಲಿ ಬುಡು. ನಿಮ್ಮಪ್ಪನ ವಾಸ್ನೆ ಅಡೀಲಿ ಇದ್ದಂಗೇ ಇರ್ತದೆ."

ಮಾಲಿನಿಗೆ ತನ್ನ ಹೋಲಿಕೆಯೇ ಕಾಲಿಗೆ ತೊಡರಿಕೊಂಡಿತು. (ಹೋಲಿಕೆ ಕೊಡುವವರು ಹುಷಾರಾಗಿರಬೇಕು. ನನ್ನನ್ನೂ ಸೇರಿಸಿ ಹೇಳಿದ್ದು.)

೫
ಅಂತ್ಯ ಒಂದು: ತಾಯಿಯ ಮನಸ್ಸು ಕರಗಿ ಮಣ್ಣು ಕೊಡುತ್ತಾರೆ. ಅಂತ್ಯ ಎರಡು: ಕೊಡುವುದಿಲ್ಲ, ಅಪ್ಪನ ವಾಸನೆ ಕಾಂಕ್ರೀಟಿನಡಿ ಭದ್ರ. ಎರಡನ್ನೂ ಗಟ್ಟಿಯಾಗಿ ಓದಿದೆ. ಚಿಕ್ಕಬಸಮ್ಮ ನನ್ನತ್ತ ತಿರುಗಿಯೂ ನೋಡದೆ ಮಗಳನ್ನು ಕೇಳಿದರು:

"ಆ ಹುಳ ಇಲ್ಲಿಗೆ ಎಲ್ಲಿಂದ್ ಬಂದ್ವು?"

"ಮೊದ್ಲಿಂದ್ಲೂ ಅವೆ. ಅಪ್ಪ ಚೆಲ್ಲಿದ್ದ ಉಂಡ್ಕಂಡು."

"ಈಗ್ಲೂ ಉಣ್ತಾ ಅವಾ?"

ಮಾಲಿನಿ ಸುಳ್ಳು ಹೇಳಬಹುದಿತ್ತು. 'ಇಲ್ಲ' ಎಂದುಬಿಡು ಎಂದು ನಾನೂ ಪಿಸುಗುಟ್ಟಿದೆ.

"ಹ್ಞೂಂ ಕಣವ್ವ," ಎಂದಳು.

ಚಿಕ್ಕಬಸಮ್ಮ ನೆಲದ ಮೇಲೆ ಕೂತು, ಒಂದು ಹಿಡಿ ಮಣ್ಣು ತೆಗೆದು ಮೂಗಿಗೆ ಹಿಡಿದರು.

"ದಿನಾ ಬಂದು ಮೂಸ್ತಿದ್ದೆ. ವರ್ಷ ವರ್ಷಕ್ಕೂ ವಾಸ್ನೆ ಕಮ್ಮಿ ಆಯ್ತಾ ಬಂತು. ನಾನೇ ಅವ್ರ ಮರೀತಾ ಇವ್ನಿ ಅನ್ಕಂಡು ಸಂಕ್ಟ ಪಡ್ತಿದ್ದೆ ಕಣವ್ವ. ಈ ಹುಳಾನಾ ಉಂಡಿದ್ದು?"

೬
ಆ ಮಣ್ಣು ಡಬ್ಬಿಗೆ ಬೀಳುತ್ತದೋ ನೆಲಕ್ಕೋ ಗೊತ್ತಿಲ್ಲ, ಹಿಡಿ ಇನ್ನೂ ಬಿಚ್ಚಿಲ್ಲ. ಮೂರನೆಯ ಅಂತ್ಯ ಬರೆಯಲು ಹೊರಟಿದ್ದೆ. ಮಾಲಿನಿ ತಾಯಿಗೆ ಒರಗಿ ಕೂತು, "ಸಾರ್, ಸ್ವಲ್ಪ ಆಚೆ ಇರ್ತೀರಾ?" ಎಂದಳು.

ನಾನು ಆಚೆ ಬಂದಿದ್ದೇನೆ. ನೀವೂ ಬನ್ನಿ.