ಎರಡು ಸಲ ಹಿಚುಕಿದ ಕೈ

ಆಪರೇಷನ್ ಥಿಯೇಟರಿನಲ್ಲಿ ಅವಳ ಅಡ್ಡಹೆಸರು ‘ಕೈ ಹಿಡಿಯೋಳು’. ಅರಿವಳಿಕೆಯ ಡಾಕ್ಟರಾದರೂ ಈ ವರ್ಷವಿಡೀ ಅವಳಿಗೆ ಅದೇ ಕೆಲಸ. ಮೈಯನ್ನೆಲ್ಲ ಸಡಿಲಿಸುವ ಮದ್ದು ಚುಚ್ಚುವ ಮೊದಲು ರೋಗಿಯ ಬಲಗೈಗೆ ಪಟ್ಟಿ ಬಿಗಿದರೆ ಮದ್ದು ಆ ಕೈಗೆ ಇಳಿಯುವುದಿಲ್ಲ. ಉಳಿದ ಮೈ ಹೆಣದ ಹಾಗೆ ಬಿದ್ದಿದ್ದರೂ, ಒಳಗೆ ಎಚ್ಚರವಿದ್ದರೆ ಆ ಕೈ ಹೇಳುತ್ತದೆ. ನಿದ್ದೆ ಹೋದರು ಅಂದುಕೊಂಡವರೆಲ್ಲ ನಿಜಕ್ಕೂ ನಿದ್ದೆಯಲ್ಲಿರುತ್ತಾರೆಯೇ? ಅವಳ ಸಂಶೋಧನೆ ಅದೇ.

“ದಿನಕ್ಕೆ ನಾಲ್ಕು ಜನರ ಕೈ ಹಿಡೀತಾಳೆ, ಒಬ್ಬನ ಜೊತೆನೂ ಸಂಸಾರ ಮಾಡಲ್ಲ,” ಎಂದು ದೊಡ್ಡ ಸರ್ಜನ್ ನಗಾಡುತ್ತಿದ್ದ. ಅವಳು ಮುಂದಿನ ರೋಗಿಯ ಕೈಗೆ ಪಟ್ಟಿ ಬಿಗಿಯುತ್ತಿದ್ದಳು.

ಅಂದು ಮೇಜಿನ ಮೇಲಿದ್ದವನು ಒಬ್ಬ ಕಮ್ಮಾರ. ಸರ್ಜನ್ ಅವನ ಹೊಟ್ಟೆ ಸೀಳಿದ. ಅವಳು ಕಮ್ಮಾರನ ಬಲಗೈ ಹಿಡಿದು ಕಿವಿಯ ಹತ್ತಿರ ಬಗ್ಗಿ, “ಅಣ್ಣಾ, ಕೇಳಿಸ್ತಿದ್ರೆ ನನ್ನ ಕೈ ಹಿಚುಕು,” ಎಂದಳು.

ಹಿಚುಕಿದ. ಅವಳು ಇನ್ನೂ ಹತ್ತಿರ ಬಗ್ಗಿದಳು. “ನೋವಾಗ್ತಿದ್ರೆ ಎರಡು ಸಲ.”

ಎರಡು ಸಲ ಹಿಚುಕಿದ. ಎರಡನೆಯ ಹಿಡಿತಕ್ಕೆ ಅವಳ ಕಿರುಬೆರಳು ಲಟಕ್ಕೆಂದು ಮುರಿಯಿತು.

“ನಿಲ್ಸಿ ಸರ್! ಎಚ್ಚರವಾಗಿದಾನೆ!”

“ನರ ಎಳೆದಿರುತ್ತೆ, ಬಿಡಮ್ಮ.” ಕತ್ತರಿ ಇನ್ನೂ ಒಳಕ್ಕೆ ಹೋಯಿತು.

ಕಮ್ಮಾರನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮುಚ್ಚಿದ ರೆಪ್ಪೆಯಡಿಯಿಂದ ಮಾತ್ರ ನೀರು ಇಳಿಯುತ್ತಿತ್ತು. ಅಯ್ಯೋ, ಜೀವಂತ ಮನುಷ್ಯನನ್ನು ಹೀಗೆ ಕೊಯ್ಯುವುದೇ! ಅವಳು ಇನ್ನೊಂದು ಕೈಯಿಂದ ಸರ್ಜನ್ನನ ತೋಳನ್ನು ಜಗ್ಗಿದಳು. ಅವನ ಮೊಣಕೈ ಅವಳ ಬಾಯಿಗೆ ಬಡಿಯಿತು. ಮುಸುಕಿನೊಳಗೆ ಬಿಸಿ ರಕ್ತ, ಮುರಿದ ಹಲ್ಲು. ಅವಳು ಬಿಡದೆ ಜಗ್ಗಿದಳು.

ಆಗ ಅರಿವಳಿಕೆಯ ಯಂತ್ರದ ಮುಂದೆ ಕೂತಿದ್ದ ಸಹೋದ್ಯೋಗಿ ಕಣ್ಣರಳಿಸಿದ. ನಿದ್ದೆಯ ಮದ್ದಿನ ಡಬ್ಬಿ ಖಾಲಿ! ಯಂತ್ರ ಕೂಗಿಕೊಳ್ಳಬೇಕಿತ್ತು, ನಿಜ. ಆದರೆ ಆ ಸದ್ದು ಸರ್ಜನ್ನಿಗೆ ಆಗದೆಂದು ಬೆಳಗ್ಗೆ ಬಂದ ಕೂಡಲೇ ಅದರ ಬಾಯಿ ಮುಚ್ಚಿಸುವುದು ಅಲ್ಲಿನ ವಾಡಿಕೆ. ಸಹೋದ್ಯೋಗಿ ತಕ್ಷಣ ನಿದ್ದೆಯ ಮದ್ದು ಚುಚ್ಚಿದ. ಕಮ್ಮಾರನ ಕೈ ಸಡಿಲವಾಯಿತು.

ಮರುದಿನ ಬೆರಳಿಗೆ ಬ್ಯಾಂಡೇಜು ಕಟ್ಟಿಕೊಂಡು ಅವಳು ವಾರ್ಡಿಗೆ ಹೋದಳು. ಸರ್ಜನ್ನೂ ಹಿಂದೆಯೇ ಬಂದ.

“ನಡುವೆ ಏನಾದ್ರೂ ನೆನಪಿದೆಯಾ ಅಣ್ಣಾ?”

“ಏನೂ ಇಲ್ಲ ತಾಯಿ. ಸತ್ತ ಹಾಗೆ ಮಲಗಿದ್ದೆ.”

ಖಾಲಿ ಡಬ್ಬಿಯ ಮಾತನ್ನು ಸಹೋದ್ಯೋಗಿ ಯಾರೆದುರೂ ಎತ್ತಿರಲಿಲ್ಲ. ಅವನ ಮಾತೇ ಇಲ್ಲದಿದ್ದರೆ ಆ ಕೈಯನ್ನು ನಂಬುವವರು ಯಾರು?

“ನೋಡಿದ್ಯಾ?” ಸರ್ಜನ್ ನಗುತ್ತ ಗಾಯ ನೋಡಲು ಬಗ್ಗಿದ. “ಇವತ್ತಿಗೆ ನಿನ್ನ ಸಂಶೋಧನೆ ಬಂದ್. ನಾನು ಆಗ್ಲೇ ಹೇಳ್ಲಿಲ್ವಾ, ನರ ಎಳೆದಿರುತ್ತೆ, ಬಿಡಮ್ಮ.”

ಕಮ್ಮಾರನ ಬಲಗೈ ಮೇಲೆದ್ದು ಸರ್ಜನ್ನನ ಮಣಿಕಟ್ಟನ್ನು ಹಿಡಿಯಿತು. ಒಂದು ಸಲ ಹಿಚುಕಿತು. ಎರಡನೆಯ ಸಲ ಮೂಳೆ ಮುರಿದ ಸದ್ದು ವಾರ್ಡಿಗೆಲ್ಲ ಕೇಳಿತು.

“ಬಿಡೋ! ಬಿಡೋ!” ಸರ್ಜನ್ ಮಂಡಿಯೂರಿ ಅರಚಿದ.

“ನಾನಲ್ಲ ಸರ್... ಬಿಡಕ್ಕಾಗ್ತಿಲ್ಲ!” ಕಮ್ಮಾರ ಗಾಬರಿಯಿಂದ ತನ್ನದೇ ಕೈಯನ್ನು ನೋಡುತ್ತಿದ್ದ.

ಅವಳು ಅವನ ಕಿವಿಯ ಹತ್ತಿರ ಬಗ್ಗಿದಳು. “ಅಣ್ಣಾ, ಆಪರೇಷನ್ ಮುಗೀತು.”

ಕೈ ಬಿಚ್ಚಿಕೊಂಡಿತು. ಕಮ್ಮಾರ ಬಿಕ್ಕಿ ಬಿಕ್ಕಿ ಅಳತೊಡಗಿದ. ಯಾಕೆಂದು ಅವನಿಗೇ ಗೊತ್ತಿರಲಿಲ್ಲ.